ನನ್ನ ಕೋಚ್ ಬಗ್ಗೆ ಬರೆದ ವಿಕಿಪೀಡಿಯ ಪುಟವನ್ನು ಯಾಕೆ ಅಳಿಸಿದರು?

ನೀವು ಕೇಳಿರುವುದು ಇಷ್ಟು. ನಿಮ್ಮ ಕೋಚ್ ಬಹಳ ವರ್ಷಗಳಿಂದ ಓಟಗಾರರನ್ನು ತಯಾರು ಮಾಡುತ್ತಿದ್ದಾರೆ. ಅವರ ಶಿಷ್ಯರಲ್ಲಿ ಇಬ್ಬರು ದೇಶದ ಪರವಾಗಿ ಓಡಿದ್ದಾರೆ. ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ನೀವು ಬರೆದ ಪುಟವನ್ನು ಅಳಿಸಿದರು. ಈಗ ಆ ಇಬ್ಬರಲ್ಲಿ ಒಬ್ಬ ಶಿಷ್ಯೆಯ ಪುಟವೂ ಅಳಿಸಬೇಕಾ ಅನ್ನುವ ಚರ್ಚೆಗೆ ಬಂದಿದೆ. ಒಂದೇ ಒಂದು ಪಂದ್ಯ ಆಡಿದವರಿಗೆಲ್ಲ ಪುಟ ಇರುವಾಗ ಇವರಿಗೆ ಯಾಕಿಲ್ಲ, ಇದನ್ನು ಹೇಗೆ ತೀರ್ಮಾನ ಮಾಡುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಕೆಲವು ವರ್ಷಗಳಿಂದ ಕ್ರೀಡಾಪಟುಗಳ ಪುಟಗಳನ್ನು ತಿದ್ದುತ್ತಿದ್ದೇನೆ. ಅಳಿಸುವ ಚರ್ಚೆಗಳಲ್ಲೂ ಅಭಿಪ್ರಾಯ ಹೇಳುತ್ತೇನೆ. ಕೆಲವು ಸಲ 'ಉಳಿಸಿ' ಅಂದಿದ್ದೇನೆ, ಕೆಲವು ಸಲ 'ಅಳಿಸಿ' ಅಂದಿದ್ದೇನೆ. ಎರಡನೆಯದನ್ನು ಹೇಳುವಾಗ ನನಗೂ ಸಂಕಟ ಆಗುತ್ತದೆ. ಅದಕ್ಕೇ ನಿಮಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಿಮ್ಮ ಕೋಚ್ ದೊಡ್ಡವರಾ ಚಿಕ್ಕವರಾ ಅಂತ ಅಲ್ಲಿ ಯಾರೂ ಅಳೆಯುವುದಿಲ್ಲ. ಹಾಗೆ ಅಳೆಯುವ ಹಕ್ಕು ನಮಗೆ ಯಾರಿಗೂ ಇಲ್ಲ. ನಾವು ಕೇಳುವುದು ಬೇರೆಯೇ ಪ್ರಶ್ನೆ. ಅವರಿಗೂ ಅವರ ಸಂಸ್ಥೆಗೂ ಸಂಬಂಧವಿಲ್ಲದ ಜನ, ನಂಬಬಹುದಾದ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅವರ ಬಗ್ಗೆ ತಕ್ಕಮಟ್ಟಿಗೆ ಬರೆದಿದ್ದಾರಾ? ಬರೆದಿದ್ದರೆ ಪುಟ ನಿಲ್ಲುತ್ತದೆ. ಇಲ್ಲದಿದ್ದರೆ ಎಷ್ಟು ಪದಕ ಇದ್ದರೂ ಪುಟ ಅಲುಗಾಡುತ್ತದೆ.

ಇದು ಕ್ರೂರ ಅನ್ನಿಸಬಹುದು. ಆದರೆ ಕಾರಣ ಇದೆ. ವಿಕಿಪೀಡಿಯ ಬರೆಯುವವರು ಹೆಸರು ಗೊತ್ತಿಲ್ಲದ ಸ್ವಯಂಸೇವಕರು. ನಮಗೆ ಸ್ವಂತವಾಗಿ ಏನು ಗೊತ್ತು ಅನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ, ಇರಲೂ ಬಾರದು. ಬೇರೆಡೆ ಅಚ್ಚಾಗಿರುವುದನ್ನು ಮಾತ್ರ ನಾವು ಹೇಳಬಹುದು. ನಾಳೆ ಯಾರೋ ಬಂದು ನಿಮ್ಮ ಕೋಚ್ ಪುಟದಲ್ಲಿ ಒಂದು ಕೆಟ್ಟ ಆರೋಪ ಸೇರಿಸಿದರು ಅಂತ ಇಟ್ಟುಕೊಳ್ಳಿ. ಅದು ಸುಳ್ಳು ಅಂತ ತೋರಿಸುವುದಕ್ಕೆ ಪಕ್ಕದಲ್ಲಿ ಇಟ್ಟು ನೋಡುವ ಬರಹವೇ ಇಲ್ಲದಿದ್ದರೆ ಏನು ಮಾಡುವುದು? ಹೆಚ್ಚು ಜನ ನೋಡದ ಪುಟದಲ್ಲಿ ಅಂಥ ಸಾಲು ತಿಂಗಳುಗಟ್ಟಲೆ ಹಾಗೇ ಉಳಿದುಬಿಡುವ ಅಪಾಯ ಇದೆ. ಬದುಕಿರುವವರ ಬಗ್ಗೆ ನಿಯಮ ಜಾಸ್ತಿ ಬಿಗಿಯಾಗಿರುವುದು ಇದಕ್ಕೇ.

ಪದಕಕ್ಕೂ ಪುಟಕ್ಕೂ ಇರುವ ಸಂಬಂಧ ಎಷ್ಟು ವಿಚಿತ್ರ ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮೂಸಂಬಾನಿ 100 ಮೀಟರ್ ಫ್ರೀಸ್ಟೈಲ್ ಈಜಿದರು. ಅವರ ಹೀಟ್‌ನಲ್ಲಿದ್ದ (ಮೊದಲ ಸುತ್ತಿನ ಗುಂಪಿನಲ್ಲಿದ್ದ) ಉಳಿದಿಬ್ಬರು ತಪ್ಪು ಆರಂಭ ಮಾಡಿ ಹೊರಗೆ ಹೋಗಿದ್ದರು. ಇವರು ಒಬ್ಬರೇ ಈಜಿ 1 ನಿಮಿಷ 52.72 ಸೆಕೆಂಡಿನಲ್ಲಿ ಮುಗಿಸಿದರು. ಆ ಕಾಲದ ಒಳ್ಳೆಯ ಈಜುಗಾರರು ಅರ್ಧ ಸಮಯದಲ್ಲಿ ಮುಗಿಸುತ್ತಿದ್ದರು. ಆದರೂ ಅವರಿಗೆ ಪುಟ ಬೇಕಾ ಅಂತ ಯಾರೂ ಕೇಳುವುದಿಲ್ಲ. ಯಾಕೆಂದರೆ ಜಗತ್ತಿನ ಪತ್ರಿಕೆಗಳು ಅವರ ಬಗ್ಗೆ, ಅವರು ಕಲಿತ ರೀತಿಯ ಬಗ್ಗೆ, ಮುಂದೆ ಅವರು ತಮ್ಮ ದೇಶದ ಈಜು ತಂಡಕ್ಕೆ ಕೋಚ್ ಆದದ್ದರ ಬಗ್ಗೆ ವರ್ಷಗಟ್ಟಲೆ ಬರೆದವು.

ಇನ್ನೊಂದು 1900ರ ಪ್ಯಾರಿಸ್ ಒಲಿಂಪಿಕ್ಸ್. ದೋಣಿ ಸ್ಪರ್ಧೆಯಲ್ಲಿ ಡಚ್ ಜೋಡಿ ಫ್ರಾಂಸ್ವಾ ಬ್ರಾಂಟ್ ಮತ್ತು ರೂಲೋಫ್ ಕ್ಲೈನ್ ತಮ್ಮ ದೋಣಿಯ ಚುಕ್ಕಾಣಿ ಹಿಡಿಯುವವನ ತೂಕ ಜಾಸ್ತಿಯಾಯಿತು ಅಂತ ಅವನನ್ನು ಬಿಟ್ಟು, ಅಲ್ಲೇ ಸಿಕ್ಕ ಒಬ್ಬ ಹುಡುಗನನ್ನು ಕೂರಿಸಿಕೊಂಡರು. ಗೆದ್ದರು. ಮೂವರ ಫೋಟೋ ಕೂಡ ಇದೆ. ಆದರೆ ಆ ಹುಡುಗನ ಹೆಸರು ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ. ಎಲ್ಲಿ ಹುಟ್ಟಿದ, ಮುಂದೆ ಏನಾದ, ಯಾವುದೂ ಇಲ್ಲ. ಒಲಿಂಪಿಕ್ಸ್ ಗೆದ್ದರೂ ಅವನ ಬದುಕಿನ ಬಗ್ಗೆ ನಾವು ಬರೆಯಬಹುದಾದದ್ದು ಅದೊಂದು ದಿನದ ಕಥೆ ಮಾತ್ರ.

ಇನ್ನು ನಿಮ್ಮ 'ಅವರಿಗೆ ಇದೆಯಲ್ಲ' ಅನ್ನುವ ಮಾತು. ಇದು ನ್ಯಾಯವಾದ ಸಿಟ್ಟೇ. ಆದರೆ ಚರ್ಚೆಯಲ್ಲಿ ಇದರಿಂದ ಪ್ರಯೋಜನವಿಲ್ಲ. ಆ ಪುಟಗಳು ಇರುವುದಕ್ಕೆ ಕಾರಣ ಹಳೆಯ ನಿಯಮ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹಿಂದೆ ಒಂದು ಪ್ರಥಮ ದರ್ಜೆ ಕ್ರಿಕೆಟ್ ಪಂದ್ಯ ಆಡಿದರೂ ಸಾಕಿತ್ತು. ಪೂರ್ಣ ವೃತ್ತಿಪರ ಲೀಗ್‌ನಲ್ಲಿ ಒಂದು ಫುಟ್‌ಬಾಲ್ ಪಂದ್ಯ ಆಡಿದರೂ ಸಾಕಿತ್ತು. ಒಲಿಂಪಿಕ್ಸ್‌ನಲ್ಲಿ ಸುಮ್ನೆ ಭಾಗವಹಿಸಿದ್ದರೂ ನಡೆಯುತ್ತಿತ್ತು. ಇಷ್ಟು ಆಡಿದವರ ಬಗ್ಗೆ ಎಲ್ಲೋ ಒಂದು ಕಡೆ ಯಾರಾದರೂ ಬರೆದೇ ಇರುತ್ತಾರೆ, ನಿಧಾನವಾಗಿ ಸಿಗುತ್ತದೆ ಅನ್ನುವುದು ಆಗಿನ ನಂಬಿಕೆ. ಪರಿಣಾಮವಾಗಿ ಅಂಕಿಅಂಶದ ತಾಣಗಳಿಂದ ಎತ್ತಿ ಸಾವಿರಾರು ಚುಟುಕು ಪುಟಗಳು ಹುಟ್ಟಿದವು. 'ಇವರು ಇಂಥ ದೇಶದ ಈಜುಗಾರರು, ಇಂಥ ವರ್ಷ ಇಂಥ ಸ್ಪರ್ಧೆಯಲ್ಲಿ ಭಾಗವಹಿಸಿದರು.' ಅಲ್ಲಿಗೆ ಮುಗಿಯಿತು. ಓದುಗನಿಗೆ ಅದರಿಂದ ಏನು ಸಿಕ್ಕಿತು?

2021ರಲ್ಲಿ ಒಲಿಂಪಿಕ್ಸ್ ನಿಯಮವನ್ನು ಪದಕ ಗೆದ್ದವರಿಗೆ ಸೀಮಿತಗೊಳಿಸಿದರು. 2022ರಲ್ಲಿ ಇನ್ನೂ ದೊಡ್ಡ ಚರ್ಚೆ ನಡೆದು, 'ಇಷ್ಟು ಪಂದ್ಯ ಆಡಿದರೆ ಸಾಕು' ಅನ್ನುವ ಮಾನದಂಡಗಳನ್ನೇ ತೆಗೆದುಹಾಕಿದರು. ಜೊತೆಗೆ, ಕ್ರೀಡಾಪಟುವಿನ ಪುಟದಲ್ಲಿ ಆ ವ್ಯಕ್ತಿಯ ಬಗ್ಗೆ ವಿವರವಾಗಿ ಬರೆದ ಕನಿಷ್ಠ ಒಂದು ಮೂಲ ಇರಲೇಬೇಕು, ಅಂಕಿಅಂಶದ ತಾಣ ಅದಕ್ಕೆ ಲೆಕ್ಕವಿಲ್ಲ ಅಂತ ಸೇರಿಸಿದರು. ಹಳೆಯ ಚುಟುಕುಗಳ ಶುದ್ಧೀಕರಣ ಇನ್ನೂ ನಡೆಯುತ್ತಿದೆ. ನೀವು ತೋರಿಸುತ್ತಿರುವ ಪುಟಗಳಿಗೂ ಒಂದು ದಿನ ಸರದಿ ಬರಬಹುದು. ಅಂದಹಾಗೆ, ಪ್ರತಿ ಭಾಷೆಯ ವಿಕಿಪೀಡಿಯ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಅಳಿಸಿದ್ದು ಇನ್ನೊಂದು ಭಾಷೆಯಲ್ಲಿ ಉಳಿಯಬಹುದು. ಆದರೆ ಆಧಾರ ಬೇಕು ಅನ್ನುವುದು ಎಲ್ಲ ಕಡೆಯೂ ಇದೆ.

2022ರ ಬದಲಾವಣೆ ಸರಿ ಅಂತ ನನ್ನ ಅಭಿಪ್ರಾಯ. ಒಬ್ಬ ಮನುಷ್ಯನ ಹೆಸರಿನಲ್ಲಿ ಪುಟ ಇದೆ ಅಂದರೆ ಅದರಲ್ಲಿ ಆ ಮನುಷ್ಯ ಕಾಣಬೇಕು. ಹುಟ್ಟಿದ ದಿನ ಮತ್ತು ಹನ್ನೊಂದನೇ ಸ್ಥಾನ ಅಂತ ಬರೆದಿಟ್ಟರೆ ಅದು ಗೌರವ ಅಲ್ಲ.

ನಾನು ಮೂಲಗಳನ್ನು ನೋಡುವಾಗ ಒಂದು ಕೆಲಸ ಮಾಡುತ್ತೇನೆ. ವರದಿಯಲ್ಲಿರುವ ಫಲಿತಾಂಶ, ಸಮಯ, ಅಂಕ, ಸ್ಥಾನ ಎಲ್ಲವನ್ನೂ ಮನಸ್ಸಿನಲ್ಲೇ ಅಳಿಸುತ್ತೇನೆ. ಆಮೇಲೆ ಏನು ಉಳಿಯುತ್ತದೆ? ಹೇಗೆ ಶುರು ಮಾಡಿದರು, ಯಾಕೆ ಸ್ಪರ್ಧೆ ಬದಲಿಸಿದರು, ಗಾಯದಿಂದ ಹೇಗೆ ಎದ್ದರು, ಅವರ ಆಟದಲ್ಲಿ ಬೇರೆಯವರು ಕಂಡ ವಿಶೇಷ ಏನು – ಹೀಗೆ ಏನಾದರೂ ಉಳಿದರೆ ಆ ವರದಿ ಲೆಕ್ಕಕ್ಕೆ ಬಂತು. ಏನೂ ಉಳಿಯದಿದ್ದರೆ ಅದು ಪಂದ್ಯದ ವರದಿ, ವ್ಯಕ್ತಿಯ ವರದಿ ಅಲ್ಲ. ಅಂಥವು ಐವತ್ತಿದ್ದರೂ ಒಟ್ಟು ಸೇರಿ ಒಂದು ಬದುಕು ಆಗುವುದಿಲ್ಲ. ಇಷ್ಟು ಪದ ಇರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಹಾಗಾಗಿ ವಾದ ನಡೆಯುತ್ತಲೇ ಇರುತ್ತದೆ. ನನಗೆ ಈ ವಿಧಾನ ಅನುಕೂಲ ಆಗಿದೆ.

ಇನ್ನೂ ಕೆಲವು ಕಡೆ ಜನ ಎಡವುತ್ತಾರೆ. ಒಂದೇ ಸುದ್ದಿ ಸಂಸ್ಥೆಯ ವರದಿ ಹತ್ತು ಪತ್ರಿಕೆಯಲ್ಲಿ ಬಂದಿದ್ದರೆ ಅದು ಹತ್ತು ಮೂಲ ಅಲ್ಲ, ಒಂದೇ. ಕ್ಲಬ್, ಒಕ್ಕೂಟ, ಕಾಲೇಜು, ಪ್ರಾಯೋಜಕರು ತಮ್ಮ ತಾಣದಲ್ಲಿ ಹಾಕಿದ ಪರಿಚಯದಿಂದ ಹುಟ್ಟಿದ ವರ್ಷದಂಥ ಸಣ್ಣ ವಿವರ ತೆಗೆದುಕೊಳ್ಳಬಹುದು, ಅರ್ಹತೆ ತೋರಿಸಲು ಅದು ಆಗದು. ಸಂದರ್ಶನದಲ್ಲಿ ಅವರೇ ತಮ್ಮ ಬಗ್ಗೆ ಹೇಳಿಕೊಂಡದ್ದು ಸ್ವತಂತ್ರ ಮೂಲ ಆಗುವುದಿಲ್ಲ. ಆದರೆ ಪತ್ರಕರ್ತರು ತಾವೇ ವಿಚಾರಿಸಿ ಬರೆದ ಭಾಗ ಅದರಲ್ಲಿ ಇದ್ದರೆ ಅಷ್ಟು ಭಾಗ ಲೆಕ್ಕಕ್ಕೆ ಬರುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಬರಹಗಳು ಈಗ ಜಾಸ್ತಿ. 'ಯುವಜನರಿಗೆ ಸ್ಫೂರ್ತಿ', 'ಯಶಸ್ಸಿನ ಮೆಟ್ಟಿಲು' ಅಂತೆಲ್ಲ ಶುರುವಾಗಿ, ಬರೆದವರ ಹೆಸರೇ ಇಲ್ಲದೆ, ಎಲ್ಲಿಯೂ ಒಂದು ಸೋಲಿನ ಮಾತಿಲ್ಲದೆ ಮುಗಿಯುವ ಬರಹ ಕಂಡರೆ ಹಳೆಯ ಸಂಪಾದಕರಿಗೆ ತಕ್ಷಣ ಅನುಮಾನ ಬರುತ್ತದೆ. ಅಂಥದ್ದನ್ನು ಸೇರಿಸಿದರೆ ನಿಮ್ಮ ಒಳ್ಳೆಯ ಮೂಲಗಳಿಗೂ ಮಸಿ ಹತ್ತುತ್ತದೆ. ಚರ್ಚೆಯಲ್ಲಿ ಮೂವತ್ತು ಕೊಂಡಿ ಸುರಿಯುವ ಬದಲು ಅತ್ಯುತ್ತಮ ಮೂರನ್ನು ಕೊಡಿ ಅಂತ ಅನುಭವಿಗಳು ಹೇಳುವುದು ಇದಕ್ಕೇ.

ಈಗ ಕೋಚ್‌ಗಳ ವಿಷಯಕ್ಕೆ ಬರುತ್ತೇನೆ. ನನಗೆ ಮನಸ್ಸಿಗೆ ಹತ್ತಿರವಾದ ಭಾಗ ಇದು, ಕಷ್ಟವಾದ ಭಾಗವೂ ಇದೇ.

ಆಟಗಾರನ ಕೆಲಸ ಎಲ್ಲರ ಕಣ್ಣೆದುರು ನಡೆಯುತ್ತದೆ. ಸಮಯ ದಾಖಲಾಗುತ್ತದೆ, ಫೋಟೋ ಬರುತ್ತದೆ. ಕೋಚ್ ಕೆಲಸ ಬೆಳಗಿನ ಜಾವ ಯಾರೂ ಇಲ್ಲದ ಮೈದಾನದಲ್ಲಿ ನಡೆಯುತ್ತದೆ. ಶಿಷ್ಯ ಗೆದ್ದ ದಿನ ವರದಿಯ ಕೊನೆಯಲ್ಲಿ 'ಇಂಥವರ ಬಳಿ ತರಬೇತಿ ಪಡೆದಿದ್ದಾರೆ' ಅಂತ ಒಂದು ಸಾಲು ಬಂದರೆ ಅದೇ ಹೆಚ್ಚು. ಶಿಷ್ಯ ದೊಡ್ಡ ಕೇಂದ್ರಕ್ಕೆ ಹೋದ ಮೇಲೆ ಆ ಸಾಲಿನಲ್ಲೂ ಹೊಸ ಕೋಚ್ ಹೆಸರು ಬರುತ್ತದೆ. ಮೊದಲು ಓಡುವುದನ್ನು ಕಲಿಸಿದವರ ಹೆಸರು ಅಲ್ಲಿಗೆ ಹೋಯಿತು. ವಿಕಿಪೀಡಿಯದ ನಿಯಮ ಈ ವಿಷಯದಲ್ಲಿ ನಿಷ್ಠುರ. ಶಿಷ್ಯನ ಹೆಸರಿನಿಂದ ಗುರುವಿಗೆ ಅರ್ಹತೆ ಬರುವುದಿಲ್ಲ, ಮಕ್ಕಳ ಹೆಸರಿನಿಂದ ಅಪ್ಪ ಅಮ್ಮನಿಗೂ ಬರುವುದಿಲ್ಲ. ನಿಮ್ಮ ಪುಟ ಬಿದ್ದದ್ದು ಬಹುಶಃ ಇಲ್ಲೇ. ನೀವು ಕೊಟ್ಟ ವರದಿಗಳು ಶಿಷ್ಯರ ಬಗ್ಗೆ ಇದ್ದಿರಬೇಕು, ಕೋಚ್ ಬಗ್ಗೆ ಅಲ್ಲ.

ಹಾಗಾದರೆ ಯಾವ ಕೋಚ್‌ಗೆ ಪುಟ ನಿಲ್ಲುತ್ತದೆ? ರಮಾಕಾಂತ್ ಅಚ್ರೇಕರ್ ಅವರನ್ನೇ ನೋಡಿ. ಅವರು ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. ಅವರ ಪುಟ ನಿಂತಿರುವುದು ಆ ಪಂದ್ಯದಿಂದ ಅಲ್ಲ. ಸಚಿನ್ ತೆಂಡೂಲ್ಕರ್ ಅವರಿಗೆ ಕಲಿಸಿದರು ಅನ್ನುವ ಒಂದೇ ಕಾರಣಕ್ಕೂ ಅಲ್ಲ. 1990ರಲ್ಲಿ ದ್ರೋಣಾಚಾರ್ಯ, 2010ರಲ್ಲಿ ಪದ್ಮಶ್ರೀ ಬಂತು. ಅದಕ್ಕಿಂತ ಮುಖ್ಯವಾಗಿ, ಅವರು ಹೇಗೆ ಕಲಿಸುತ್ತಿದ್ದರು ಅಂತ ಜನ ಬರೆದರು. ಸ್ಟಂಪ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಔಟ್ ಮಾಡಿದ ಬೌಲರ್‌ಗೆ ಅದು ಅಂತ ಹೇಳುತ್ತಿದ್ದದ್ದು, ಹುಡುಗನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಮೈದಾನದಿಂದ ಮೈದಾನಕ್ಕೆ ಓಡಾಡಿದ್ದು, ಇವೆಲ್ಲ ಬರಹಕ್ಕೆ ಬಂದಿವೆ. ಅಂಕಿಅಂಶ ಅಳಿಸಿದರೂ ಮನುಷ್ಯ ಉಳಿಯುತ್ತಾರೆ.

ಪಿ.ಟಿ. ಉಷಾ ಅವರ ಕೋಚ್ ಓ.ಎಂ. ನಂಬಿಯಾರ್ ಅವರಿಗೆ ಪ್ರಶಸ್ತಿಯ ಬಲ ಇದೆ. ದ್ರೋಣಾಚಾರ್ಯ ಪ್ರಶಸ್ತಿ ಶುರುವಾದ 1985ರಲ್ಲೇ ಅವರಿಗೆ ಬಂತು. ಹೆಸರಾಂತ ದೊಡ್ಡ ಪ್ರಶಸ್ತಿ ಪಡೆದವರ ಬಗ್ಗೆ ಬರಹ ಇರುವ ಸಾಧ್ಯತೆ ಹೆಚ್ಚು ಅಂತ ನಿಯಮವೂ ಒಪ್ಪುತ್ತದೆ. ಪದ್ಮಶ್ರೀ ಬರುವುದಕ್ಕೆ ಮಾತ್ರ 2021ರವರೆಗೆ ಕಾಯಬೇಕಾಯಿತು. ಉಷಾ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಪದಕ ಕಳೆದುಕೊಂಡದ್ದು 1984ರಲ್ಲಿ. ಕೋಚ್‌ಗಳಿಗೆ ಗುರುತು ಎಷ್ಟು ತಡವಾಗಿ ಬರುತ್ತದೆ ನೋಡಿ.

ನನಗೆ ತುಂಬಾ ಇಷ್ಟದ ಉದಾಹರಣೆ ಕೊಲಮ್ ಓ'ಕಾನೆಲ್. ಐರ್ಲೆಂಡಿನ ಧಾರ್ಮಿಕ ಸಂಘವೊಂದರ ಸದಸ್ಯರು. 1976ರಲ್ಲಿ ಕೆನ್ಯಾದ ಇಟೆನ್‌ನಲ್ಲಿ ಶಾಲೆಯೊಂದಕ್ಕೆ ಭೂಗೋಳ ಪಾಠ ಮಾಡಲು ಹೋದರು. ಓಟದ ತರಬೇತಿ ಬಗ್ಗೆ ಅವರಿಗೆ ಯಾವ ಓದೂ ಇರಲಿಲ್ಲ. ಮಕ್ಕಳನ್ನು ನೋಡುತ್ತಾ ನೋಡುತ್ತಾ ಕಲಿತರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಟವನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಡೇವಿಡ್ ರುಡಿಶಾ ಅವರ ಶಿಷ್ಯ. ಓ'ಕಾನೆಲ್ ಸ್ವತಃ ಓಡಿದ ದಾಖಲೆ ಯಾವುದನ್ನೂ ನಾವು ಹುಡುಕಬೇಕಾಗಿಲ್ಲ. ಪತ್ರಕರ್ತರು ಇಟೆನ್‌ಗೆ ಹೋಗಿ, ಅವರ ಜೊತೆ ಮೈದಾನದ ಬದಿ ನಿಂತು, ಅವರ ಬಗ್ಗೆಯೇ ಬರೆದಿದ್ದಾರೆ. ನಿಮ್ಮ ಕೋಚ್ ವಿಷಯದಲ್ಲೂ ನಾವು ಹುಡುಕುವುದು ಇಂಥದ್ದನ್ನೇ. ಶಿಷ್ಯರು ಎಷ್ಟು ಜನ ಅನ್ನುವ ಪಟ್ಟಿ ಬೇಡ. ಯಾರಾದರೂ ಅವರ ಹತ್ತಿರ ಹೋಗಿ, ಅವರ ಕೆಲಸ ನೋಡಿ ಬರೆದಿದ್ದಾರಾ?

ಬರೆದಿಲ್ಲ ಅಂದರೆ ಅವರ ಕೆಲಸ ಚಿಕ್ಕದು ಅಂತ ಅಲ್ಲ. ಈ ನಿಯಮದ ದೊಡ್ಡ ಕೊರತೆ ಇಲ್ಲೇ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಪತ್ರಿಕೆಗಳು ಯಾರನ್ನು ಬಿಟ್ಟವೋ ವಿಕಿಪೀಡಿಯವೂ ಅವರನ್ನೇ ಬಿಡುತ್ತದೆ. ಮಹಿಳಾ ಕ್ರೀಡಾಪಟುಗಳು, ಪ್ಯಾರಾ ಕ್ರೀಡಾಪಟುಗಳು, ಟಿವಿಯಲ್ಲಿ ಬಾರದ ಆಟಗಳು, ಪತ್ರಿಕೆಗಳೇ ಕಡಿಮೆ ಇರುವ ಭಾಷೆಯವರು – ಇವರಿಗೆಲ್ಲ ಎರಡು ಸಲ ಅನ್ಯಾಯ ಆಗುತ್ತದೆ. ಕ್ರೀಡೆಯ ಹೊರಗೂ ಇದೇ ಕಥೆ. 2018ರ ಭೌತಶಾಸ್ತ್ರ ನೊಬೆಲ್ ಹಂಚಿಕೊಂಡ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಬಗ್ಗೆ ಅದೇ ವರ್ಷ ಬಂದಿದ್ದ ಕರಡು ಪುಟವನ್ನು ಸ್ವತಂತ್ರ ಮೂಲ ಸಾಲದು ಅಂತ ತಿರಸ್ಕರಿಸಿದ್ದರು. ಪ್ರಶಸ್ತಿ ಘೋಷಣೆಯಾದ ದಿನ ಅವರಿಗೆ ಪುಟವೇ ಇರಲಿಲ್ಲ. ಅಲ್ಲಿ ತಪ್ಪಿದ್ದು ಕರಡಿನ ಮೂಲಗಳೋ, ಪರಿಶೀಲಿಸಿದವರು ಇನ್ನಷ್ಟು ಹುಡುಕದೆ ಇದ್ದದ್ದೋ ಅಂತ ಬಹಳ ವಾದ ನಡೆಯಿತು. ನನ್ನ ಪ್ರಕಾರ ಎರಡೂ. ಆದ್ದರಿಂದ 'ಅಳಿಸಿ' ಅನ್ನುವ ಮೊದಲು ಹುಡುಕುವ ಜವಾಬ್ದಾರಿ ನಮ್ಮ ಮೇಲೂ ಇದೆ. ಎರಡು ನಿಮಿಷ ಗೂಗಲ್ ಮಾಡಿ 'ಏನೂ ಸಿಗಲಿಲ್ಲ' ಅನ್ನುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ.

ಹುಡುಕುವುದಕ್ಕೂ ಒಂದು ರೀತಿ ಇದೆ. ಇಂಗ್ಲಿಷ್ ಕಾಗುಣಿತ ಹಲವು ಬಗೆಯಲ್ಲಿ ಇರಬಹುದು, ಎಲ್ಲವನ್ನೂ ಹಾಕಿ ನೋಡಿ. ಅವರ ಭಾಷೆಯ ಲಿಪಿಯಲ್ಲಿ ಹುಡುಕಿ. ಮದುವೆಯ ನಂತರ ಹೆಸರು ಬದಲಾದ ಓಟಗಾರ್ತಿಯ ಅರ್ಧ ಬದುಕು ಹಳೆಯ ಹೆಸರಿನಲ್ಲಿ ಇರುತ್ತದೆ. ಮೂಲ ಇಂಗ್ಲಿಷ್‌ನಲ್ಲೇ ಇರಬೇಕು ಅಂತಿಲ್ಲ. ಅಂತರ್ಜಾಲದಲ್ಲೇ ಇರಬೇಕು ಅಂತಲೂ ಇಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಹಳೆಯ ಪತ್ರಿಕೆಯ ಕಟಿಂಗ್ ಇದ್ದರೆ ಪತ್ರಿಕೆಯ ಹೆಸರು, ತಾರೀಕು, ಪುಟ ಸಂಖ್ಯೆ, ಬರೆದವರ ಹೆಸರು ಕೊಡಿ, ಸಾಕು. ಚರ್ಚೆ ಪುಟದಲ್ಲಿ ಅದರ ಮೂರ್ನಾಲ್ಕು ಸಾಲನ್ನು ಅನುವಾದ ಮಾಡಿ ಹಾಕಿದರೆ ಇನ್ನೂ ಒಳ್ಳೆಯದು. ಆ ಭಾಷೆ ಗೊತ್ತಿಲ್ಲದವರಿಗೆ ಅದರಲ್ಲಿ ಏನಿದೆ ಅಂತ ತಿಳಿಯಬೇಕಲ್ಲ.

ಶಿಷ್ಯೆಯ ಪುಟದ ಚರ್ಚೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ, ಬೇಕಾದರೆ ಮುಂದುವರಿಸುತ್ತಾರೆ. ಅಲ್ಲಿ ತಲೆ ಎಣಿಸುವುದಿಲ್ಲ, ವಾದ ನೋಡುತ್ತಾರೆ. ಹಾಗಾಗಿ ಗೆಳೆಯರನ್ನೆಲ್ಲ ಕರೆದು 'ಉಳಿಸಿ' ಅಂತ ಬರೆಸಬೇಡಿ, ಅದರಿಂದ ಕೆಡುಕೇ ಜಾಸ್ತಿ. ಆ ಶಿಷ್ಯೆ ಇನ್ನೂ ಶಾಲೆಯಲ್ಲಿ ಓದುವ ವಯಸ್ಸಿನವರಾಗಿದ್ದರೆ ನಾನೇ 'ಈಗ ಬೇಡ' ಅನ್ನುತ್ತೇನೆ. ಮಕ್ಕಳ ವಿವರ ಜಗತ್ತಿನ ಎದುರು ಹರಡುವುದಕ್ಕೆ ಅವಸರ ಯಾಕೆ? ದೊಡ್ಡವರಾಗಿದ್ದು ಮೂಲ ಸಾಲದಿದ್ದರೆ ಅಳಿಸುವುದೊಂದೇ ದಾರಿ ಅಲ್ಲ. ಪುಟವನ್ನು ಕರಡು ಪುಟಗಳ ವಿಭಾಗಕ್ಕೆ ಸರಿಸಿ ಅಂತ ಕೇಳಬಹುದು. ಅಲ್ಲಿ ಆರು ತಿಂಗಳು ಯಾರೂ ಮುಟ್ಟದಿದ್ದರೆ ಮಾತ್ರ ಅಳಿಸುತ್ತಾರೆ. ಇಲ್ಲವೇ ಅವರು ಓಡಿದ ಸ್ಪರ್ಧೆಯ ಪುಟಕ್ಕೆ ಪುನರ್ನಿರ್ದೇಶನ ಮಾಡಬಹುದು, ಅಂದರೆ ಅವರ ಹೆಸರು ಹುಡುಕಿದವರು ನೇರವಾಗಿ ಆ ಪುಟಕ್ಕೆ ಹೋಗುವ ಹಾಗೆ ಮಾಡಬಹುದು. ಆಗ ಹಳೆಯ ಬರಹ ಪುಟದ ಇತಿಹಾಸದಲ್ಲಿ ಹಾಗೇ ಇರುತ್ತದೆ, ಮುಂದೆ ಮೂಲ ಸಿಕ್ಕರೆ ಎತ್ತಿಕೊಳ್ಳಬಹುದು.

ಕೋಚ್ ಪುಟವನ್ನು ಮತ್ತೆ ಬರೆಯುವುದಾದರೆ ನೀವು ಅವರ ಶಿಷ್ಯರು ಅನ್ನುವುದನ್ನು ಮೊದಲೇ ಹೇಳಿಬಿಡಿ. ಹತ್ತಿರದವರು ನೇರವಾಗಿ ಪುಟ ಹಾಕುವ ಬದಲು ಕರಡು ಮಾಡಿ ಪರಿಶೀಲನೆಗೆ ಕೊಡುವುದು ಒಳ್ಳೆಯ ಪದ್ಧತಿ. ಯಾರಾದರೂ ದುಡ್ಡು ಕೊಟ್ಟು ಬರೆಸುತ್ತಿದ್ದರೆ ಅದನ್ನು ಬಹಿರಂಗಪಡಿಸಲೇಬೇಕು ಅಂತ 2014ರಿಂದ, ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ಷರತ್ತಿನಲ್ಲೇ ಇದೆ. ಇನ್ನೊಂದು ವಿಷಯವನ್ನು ಕೋಚ್‌ಗೂ ತಿಳಿಸಿ. ಪುಟ ಒಮ್ಮೆ ನಿಂತರೆ ಅದು ಅವರದ್ದೂ ಅಲ್ಲ, ನಿಮ್ಮದೂ ಅಲ್ಲ. ನಾಳೆ ಶಿಷ್ಯರೊಬ್ಬರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಅದರಲ್ಲಿ ಕೋಚ್ ಹೆಸರೂ ಪತ್ರಿಕೆಗಳಲ್ಲಿ ಬಂದರೆ ಅದು ಪುಟಕ್ಕೂ ಬರುತ್ತದೆ. ತೆಗೆಯಿರಿ ಅಂದರೆ ತೆಗೆಯುವುದಿಲ್ಲ.

ಸದ್ಯಕ್ಕೆ ಮೂಲ ಸಾಲದು ಅಂತಾದರೆ ಬೇರೆ ಜಾಗಗಳಿವೆ. ದೇಶದ ಪರ ಓಡಿದ ಶಿಷ್ಯರ ಪುಟ ಉಳಿದರೆ, ಅದರಲ್ಲಿ ಕೋಚ್ ಬಗ್ಗೆ ಆಧಾರ ಇರುವ ಎರಡು ಒಳ್ಳೆಯ ಸಾಲು ಸೇರಿಸಿ. ಯಾರೂ ಬೇಡ ಅನ್ನುವುದಿಲ್ಲ. ವಿಕಿಪೀಡಿಯದ ಜೊತೆಗಿರುವ ಮಾಹಿತಿ ಕೋಶ ವಿಕಿಡೇಟಾದಲ್ಲಿ ನಿಯಮ ಇಷ್ಟು ಬಿಗಿ ಇಲ್ಲ, ಶಿಷ್ಯರ ದಾಖಲೆಯಲ್ಲಿ ಕೋಚ್ ಯಾರು ಅಂತ ಅಲ್ಲಿ ನಮೂದಿಸಬಹುದು. ಇದಕ್ಕಿಂತ ಮುಖ್ಯವಾದದ್ದು ವಿಕಿಪೀಡಿಯದ ಹೊರಗಿನ ಕೆಲಸ. ಕ್ರೀಡಾ ಪತ್ರಕರ್ತರೊಬ್ಬರನ್ನು ಆ ಮೈದಾನಕ್ಕೆ ಕರೆಯಿರಿ. ಏನು ಬರೆಯಬೇಕು ಅಂತ ಹೇಳಿಕೊಡಬೇಡಿ, ಸುಮ್ನೆ ಬಂದು ನೋಡಲಿ. ಹಳೆಯ ಶಿಷ್ಯರ ಫೋನ್ ನಂಬರ್ ಕೊಡಿ. ಕೋಚ್ ಬಳಿ ತರಬೇತಿಯ ಡೈರಿಗಳು ಇದ್ದರೆ ಜೋಪಾನ ಮಾಡಿ, ಫೋಟೋಗಳ ಹಿಂದೆ ಹೆಸರು, ವರ್ಷ ಬರೆದಿಡಿ. ವಿಶ್ವಕೋಶ ಸಾಲಿನಲ್ಲಿ ಕೊನೆಗೆ ಬರುವಂಥದ್ದು. ಅದಕ್ಕೆ ಮೊದಲು ಯಾರಾದರೂ ಬರೆದಿರಬೇಕು, ಅವರು ಬರೆಯುವುದಕ್ಕೆ ಮೊದಲು ಯಾರಾದರೂ ನೆನಪಿಟ್ಟಿರಬೇಕು.

ಅಳಿಸಿದ ಪುಟದ ಪ್ರತಿ ಬೇಕಾದರೆ, ಅಳಿಸಿದ ನಿರ್ವಾಹಕರಿಗೇ ಅವರ ಚರ್ಚೆ ಪುಟದಲ್ಲಿ ಬರೆದು ಕರಡಾಗಿ ಮರಳಿಸಲು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ. ಅದು ಬಂದ ಮೇಲೆ ಶಿಷ್ಯರ ಫಲಿತಾಂಶಗಳ ವರದಿಗಳನ್ನು ಪಕ್ಕಕ್ಕಿಟ್ಟು, ಕೋಚ್ ಬಗ್ಗೆಯೇ ಬಂದ ಬರಹಗಳನ್ನು ಮಾತ್ರ ಇಟ್ಟುಕೊಂಡು ಮೊದಲಿನಿಂದ ಬರೆಯಿರಿ. ಅಂಥದ್ದು ಬೇರೆ ಬೇರೆ ಪತ್ರಿಕೆಯ ಎರಡು ಸಿಕ್ಕರೂ ಪರಿಶೀಲನೆಗೆ ಕೊಡಲು ಹಿಂಜರಿಯಬೇಡಿ. ಒಂದೇ ಸಿಕ್ಕರೆ ಇನ್ನೊಂದು ಬರುವವರೆಗೆ ಕಾಯಿರಿ.